ಇಡ್ಲಿ ಹಿಟ್ಟು ಉಬ್ಬುವುದು ಕೈಗುಣದಿಂದಲೋ, ಯೀಸ್ಟ್‌ನಿಂದಲೋ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ನೋಡಿದರೆ ಇಟ್ಟ ಹಾಗೇ ಇರುತ್ತದೆ. ಏಪ್ರಿಲ್‌ನಲ್ಲಿ ಅದೇ ಅಳತೆ, ಅದೇ ಗ್ರೈಂಡರ್, ಆದರೆ ಬೆಳಗಾಗುವಷ್ಟರಲ್ಲಿ ಉಕ್ಕಿ ಕಟ್ಟೆಯೆಲ್ಲ ಹರಿದಿರುತ್ತದೆ, ಬಾಯಿಗಿಟ್ಟರೆ ಬರೀ ಹುಳಿ. ನಮ್ಮತ್ತೆ ಇದಕ್ಕೆಲ್ಲ ಕೈಗುಣ ಬೇಕು ಅನ್ನುತ್ತಾರೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಮೈಕ್ರೋಬಯಾಲಜಿ ಓದುತ್ತಿರುವ ಮಗಳು, ಹಿಟ್ಟು ಉಬ್ಬಿಸುವುದು ಯೀಸ್ಟ್, ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ದುಂಡುದುಂಡಗೆ ನಾನೇ ನೋಡಿದೆ ಅನ್ನುತ್ತಾಳೆ. ಯಾರದು ಸರಿ? ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟು, ವೈರಸ್ ಇವೆಲ್ಲ ಬೇರೆಬೇರೆಯಾಗುವುದು ಹೇಗೆ? ಚಳಿಗಾಲದಲ್ಲಿ ಹಿಟ್ಟು ಉಬ್ಬಬೇಕಾದರೆ ಏನು ಮಾಡಬೇಕು?

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ಇಡ್ಲಿ ಹಿಟ್ಟನ್ನು ಮುಖ್ಯವಾಗಿ ಉಬ್ಬಿಸುವುದು ಬ್ಯಾಕ್ಟೀರಿಯಾ. ಯೀಸ್ಟ್ ಇದ್ದರೆ ಕೈಜೋಡಿಸುತ್ತದೆ, ಇಲ್ಲದಿದ್ದರೂ ಇಡ್ಲಿಗೆ ತೊಂದರೆಯಿಲ್ಲ. ಇನ್ನು ಕೈಗುಣ ಅನ್ನುವುದರಲ್ಲಿ ಮುಕ್ಕಾಲು ಪಾಲು ಉಷ್ಣಾಂಶ, ಉಳಿದದ್ದು ಉದ್ದಿನಬೇಳೆಯ ಗುಣ. ಮಗಳು ಕಂಡ ದುಂಡು ಕಣಗಳ ಬಗ್ಗೆ ನನಗೊಂದು ಅನುಮಾನ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು, ಈ ಬ್ಯಾಕ್ಟೀರಿಯಾ ಬಂದದ್ದೆಲ್ಲಿಂದ? ಮೊಸರಿಗೆ ಹೆಪ್ಪು ಹಾಕುತ್ತೇವೆ, ಹಿಟ್ಟಿಗೆ ಯಾರೂ ಹಾಕುವುದಿಲ್ಲ. ಅಕ್ಕಿ, ಬೇಳೆಯ ಮೈಮೇಲೆಯೇ ಅವು ಕೂತಿರುತ್ತವೆ, ಬೇಳೆಯಲ್ಲಿ ಹೆಚ್ಚು. ಒಣಗಿರುವಷ್ಟು ದಿನ ಸುಮ್ಮನಿರುತ್ತವೆ. ನೆನೆಹಾಕಿದ ಕೂಡಲೇ ನೀರು ಸಿಕ್ಕಿತು, ಬೇಳೆಯಿಂದ ಸಕ್ಕರೆ ಅಂಶವೂ ನೀರಿಗೆ ಇಳಿಯಿತು, ಅಲ್ಲಿಂದ ಅವುಗಳ ಸಂಸಾರ ಶುರು. ಕೈಯಿಂದ ಕಲಸಿದಾಗ ಚರ್ಮದ ಮೇಲಿನ ಒಂದಷ್ಟು ಜೀವಿಗಳೂ ಸೇರುತ್ತವೆ ನಿಜ, ಆದರೆ ಬೇಳೆಯೇ ತಂದಿರುವ ಸಂಖ್ಯೆಯ ಮುಂದೆ ಅವು ಲೆಕ್ಕಕ್ಕಿಲ್ಲ. ಕೈಯಿಂದ ಕಲಸುವುದರ ನಿಜವಾದ ಉಪಯೋಗ ಬೇರೆ: ಬೇಳೆ ಹಿಟ್ಟು, ಅಕ್ಕಿ ಹಿಟ್ಟು ಒಂದೇ ಸಮನಾಗಿ ಬೆರೆಯುತ್ತವೆ, ಹಿಟ್ಟು ತಣ್ಣಗಿದೆಯೋ ಬೆಚ್ಚಗಿದೆಯೋ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಕಲಸಿದ ಕೈ ತಣ್ಣಗಿರುವ ಹಿಟ್ಟನ್ನು ಒಲೆಯ ಪಕ್ಕಕ್ಕೆ ತಾನಾಗಿಯೇ ಸರಿಸುತ್ತದೆ. ನಿಮ್ಮತ್ತೆಯವರ ಕೈಗುಣ ಅದೇ ಇರಬೇಕು.

ಹಿಟ್ಟಿನಲ್ಲಿ ಮೊದಲು ಮೇಲುಗೈ ಪಡೆಯುವುದು ಲ್ಯೂಕೊನಾಸ್ಟಾಕ್ ಮೀಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಹೆಸರು ಉದ್ದ, ಆಳು ಚಿಕ್ಕದು: ಒಂದು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನ ಗುಂಡು ಕಣ, ಜೋಡಿಯಾಗಿ ಅಥವಾ ಮಣಿಸರದಂತೆ ಸಾಲಾಗಿ ಇರುತ್ತದೆ. ಹಿಟ್ಟು ಹುಳಿಯಾದಂತೆ ಎಂಟೆರೋಕಾಕಸ್, ಪೀಡಿಯೋಕಾಕಸ್, ಲ್ಯಾಕ್ಟೋಬ್ಯಾಸಿಲಸ್‌ನಂಥವು ಬಂದು ಸೇರುತ್ತವೆ. ಲ್ಯೂಕೊನಾಸ್ಟಾಕ್ ಒಂದು ಗ್ಲೂಕೋಸ್ ಅಣುವನ್ನು ಮುರಿದರೆ ಒಂದು ಲ್ಯಾಕ್ಟಿಕ್ ಆಮ್ಲ, ಒಂದು ಇಂಗಾಲದ ಡೈಆಕ್ಸೈಡ್, ಜೊತೆಗೆ ಒಂದು ಎಥನಾಲ್ ಅಥವಾ ಅಸಿಟಿಕ್ ಆಮ್ಲ ಬರುತ್ತದೆ. ಅಂದರೆ ಹುಳಿ ಕೊಡುವುದೂ ಅದೇ, ಉಬ್ಬು ಕೊಡುವುದೂ ಅದೇ. ಪೀಡಿಯೋಕಾಕಸ್‌ನಂಥವು ಅದೇ ಗ್ಲೂಕೋಸಿನಿಂದ ಎರಡು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಗಾಳಿಯೇ ಇಲ್ಲ. ಯೀಸ್ಟ್ ಇದಕ್ಕೆ ತದ್ವಿರುದ್ಧ, ಗಾಳಿ ಮತ್ತು ಎಥನಾಲ್ ಕೊಡುತ್ತದೆ, ಹುಳಿ ಕೊಡುವುದಿಲ್ಲ. ‘ಹಿಟ್ಟು ಹುಳಿಯಾಯಿತು, ಉಬ್ಬಲಿಲ್ಲ’ ಅನ್ನುವ ದೂರಿನ ಮೂಲ ಇಲ್ಲಿದೆ: ಗಾಳಿ ಕೊಡುವ ಗುಂಪು ಸೋತು, ಹುಳಿ ಮಾತ್ರ ಕೊಡುವ ಗುಂಪು ಗೆದ್ದಿದೆ.

ಗಾಳಿ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಬಲೆಯೂ ಬೇಕು. ಅದು ಉದ್ದಿನ ಕೆಲಸ. ಉದ್ದಿನ ಪ್ರೋಟೀನು ನೊರೆ ಕಟ್ಟುತ್ತದೆ, ಅದರ ಲೋಳೆ ಆ ನೊರೆ ಒಡೆಯದಂತೆ ಕಾಯುತ್ತದೆ. ಮೆಂತ್ಯದ ಲೋಳೆಯೂ ಇದಕ್ಕೇ ಒದಗುತ್ತದೆ. ಹೆಸರುಬೇಳೆ ಹಿಟ್ಟಿಗೂ ಬ್ಯಾಕ್ಟೀರಿಯಾ ಬರುತ್ತವೆ, ಗಾಳಿಯೂ ಏಳುತ್ತದೆ, ಆದರೆ ಈ ಬಲೆಯಿಲ್ಲದೆ ಗುಳ್ಳೆ ಒಡೆದು ಹೋಗುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತು ಹಳದಿಗೆ ತಿರುಗಿದ ಉದ್ದಿನಬೇಳೆ ರುಬ್ಬಿದಾಗ ಬೆಣ್ಣೆಯಂತೆ ಮೇಲೇಳದಿದ್ದರೆ, ಆ ಹಿಟ್ಟನ್ನು ಎಷ್ಟು ಬೆಚ್ಚಗಿಟ್ಟರೂ ಇಡ್ಲಿ ಚಪ್ಪಟೆಯೇ.

ಇನ್ನು ನೀವು ಕೇಳಿದ ಜಾತಿಭೇದ. ಗಾತ್ರದಿಂದ ಹೊರಟರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ಯೀಸ್ಟ್ ಕೋಶ ನಿಂಬೆಹಣ್ಣಿನಷ್ಟಿದೆ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಒಂದು ಕಡಲೆಕಾಳು, ಕೊರೊನಾದಂಥ ವೈರಸ್ ಒಂದು ಗಸಗಸೆ ಕಾಳು, ನಿಮ್ಮ ತಲೆಗೂದಲಿನ ಒಂದು ಎಳೆ ತೆಂಗಿನಮರದ ಬುಡದಷ್ಟು ದಪ್ಪ. ಅಂಕಿಯಲ್ಲಿ ಹೇಳುವುದಾದರೆ ಯೀಸ್ಟ್ 5ರಿಂದ 10 ಮೈಕ್ರೋಮೀಟರ್, ಸಾಮಾನ್ಯ ಬ್ಯಾಕ್ಟೀರಿಯಾ ಅರ್ಧದಿಂದ ಕೆಲವು ಮೈಕ್ರೋಮೀಟರ್, ಹೆಚ್ಚಿನ ವೈರಸ್‌ಗಳು 0.02ರಿಂದ 0.3. ಬೆಳಕಿನ ಮೈಕ್ರೋಸ್ಕೋಪಿಗೆ 0.2 ಮೈಕ್ರೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ವೈರಸ್ ತೋರಿಸದಿರುವುದಕ್ಕೆ ಕಾರಣ ಅದು.

ಗಾತ್ರಕ್ಕಿಂತ ಮುಖ್ಯವಾದದ್ದು ಒಳಗಿನ ಕಟ್ಟೋಣ. ಬ್ಯಾಕ್ಟೀರಿಯಾದ ಕೋಶದಲ್ಲಿ ಕೋಶಕೇಂದ್ರ ಇಲ್ಲ, ಡಿಎನ್‌ಎ ಸುರುಳಿಯಾಗಿ ಒಳಗೆ ಹಾಗೇ ಬಿದ್ದಿರುತ್ತದೆ. ಹೊರಗೆ ಪೆಪ್ಟಿಡೋಗ್ಲೈಕಾನ್ ಎಂಬ ಗಟ್ಟಿ ಬಲೆಯ ಗೋಡೆ. ಪೆನ್ಸಿಲಿನ್ ಕೆಡಿಸುವುದು ಈ ಗೋಡೆ ಕಟ್ಟುವ ಕೆಲಸವನ್ನೇ. ನಮ್ಮ ಕೋಶಗಳಿಗೆ ಆ ಗೋಡೆಯೇ ಇಲ್ಲದ್ದರಿಂದ ಔಷಧ ನಮ್ಮನ್ನು ಬಿಟ್ಟು ಅವನ್ನು ಹಿಡಿಯುತ್ತದೆ. ಯೀಸ್ಟ್ ಮತ್ತು ಬೂಸ್ಟು ಎರಡೂ ಶಿಲೀಂಧ್ರಗಳು, ಅಣ್ಣತಮ್ಮಂದಿರು. ಇವಕ್ಕೆ ನಮ್ಮಂತೆಯೇ ಕೋಶಕೇಂದ್ರ ಇದೆ, ಮೈಟೋಕಾಂಡ್ರಿಯಾ ಇದೆ. ಗೋಡೆಯಲ್ಲಿರುವುದು ಗ್ಲೂಕಾನ್ ಮತ್ತು ಕೈಟಿನ್, ಜಿರಳೆಯ ಚಿಪ್ಪಿನಲ್ಲಿರುವ ಅದೇ ಕೈಟಿನ್. ಹಾಗಾಗಿ ಪೆನ್ಸಿಲಿನ್ ಇವಕ್ಕೆ ತಟ್ಟುವುದಿಲ್ಲ. ಯೀಸ್ಟ್ ಒಂಟಿ ಕೋಶ, ಮೈಮೇಲೆ ಮೊಗ್ಗು ಬಿಟ್ಟು ಮರಿ ಮಾಡುತ್ತದೆ. ಬೂಸ್ಟು ನೂಲಿನಂತೆ ಎಳೆ ಚಾಚುತ್ತದೆ. ಬ್ರೆಡ್ಡಿನ ಮೇಲೆ ನಿಮಗೆ ಕಾಣುವ ಹಸಿರು ಪುಡಿ ಅದರ ಬೀಜಕಗಳು ಮಾತ್ರ, ಎಳೆಗಳು ಆಗಲೇ ಒಳಗಿಳಿದಿರುತ್ತವೆ. ‘ಮೇಲಿನದನ್ನು ಕೆರೆದು ತಿಂದರಾಯಿತು’ ಅನ್ನುವ ಬುದ್ಧಿವಂತಿಕೆ ಬ್ರೆಡ್ಡು, ಹಿಟ್ಟಿನಂಥ ಮೆತ್ತನೆಯ ಪದಾರ್ಥಕ್ಕೆ ಸಲ್ಲುವುದಿಲ್ಲ.

ವೈರಸ್ ಈ ಸಾಲಿಗೇ ಸೇರದು. ಅದು ಕೋಶವಲ್ಲ, ಪ್ರೋಟೀನಿನ ಪೊಟ್ಟಣದಲ್ಲಿ ಸುತ್ತಿಟ್ಟ ಡಿಎನ್‌ಎ ಅಥವಾ ಆರ್‌ಎನ್‌ಎ. ತಾನಾಗಿ ಉಣ್ಣದು, ಉಸಿರಾಡದು, ಬೆಳೆಯದು. ಬೇರೊಂದು ಕೋಶದೊಳಗೆ ನುಗ್ಗಿ ಅದರ ಯಂತ್ರಗಳಿಂದ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಗೋಡೆಯೂ ಇಲ್ಲ, ಪ್ರೋಟೀನು ಕಟ್ಟುವ ಸ್ವಂತ ರೈಬೋಸೋಮೂ ಇಲ್ಲ ಅಂದಮೇಲೆ ಆಂಟಿಬಯೋಟಿಕ್ ಯಾವುದನ್ನು ಹಿಡಿಯಬೇಕು? ನೆಗಡಿಗೆ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವುದು ವ್ಯರ್ಥ ಅನ್ನುವುದು ಇದಕ್ಕೇ. ಇನ್ನುಳಿದವು ಪ್ರೋಟೋಜೋವಾ, ಪಾಚಿ ಮತ್ತು ಆರ್ಕಿಯಾ. ಆರ್ಕಿಯಾ ನೋಡಲು ಬ್ಯಾಕ್ಟೀರಿಯಾದಂತೆಯೇ ಇದ್ದರೂ ವಂಶವೇ ಬೇರೆ ಎಂದು ಕಾರ್ಲ್ ವೋಸ್ 1977ರಲ್ಲಿ ತೋರಿಸಿದರು. ಗೋಬರ್ ಗ್ಯಾಸಿನ ಮೀಥೇನ್ ಮಾಡುವುದು ಇವೇ. ನಿಮ್ಮ ಅಡುಗೆಮನೆಗೆ ಸದ್ಯಕ್ಕೆ ಬೇಕಾದವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಎರಡೇ.

ಈಗ ಡಿಸೆಂಬರ್, ಏಪ್ರಿಲ್ ಜಗಳ. ಬ್ಯಾಕ್ಟೀರಿಯಾ ಬೆಳೆಯುವುದು ಒಂದು ಎರಡಾಗಿ, ಎರಡು ನಾಲ್ಕಾಗಿ. 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಒಂದು ಕೋಶ 8 ಗಂಟೆಯಲ್ಲಿ 24 ಸಲ ಒಡೆದು 1 ಕೋಟಿ 67 ಲಕ್ಷ ದಾಟುತ್ತದೆ. ಗಂಟೆಗೊಮ್ಮೆ ಒಡೆದರೆ ಅದೇ 8 ಗಂಟೆಗೆ ಬರೀ 256. ಒಡೆಯುವ ಸಮಯ ಮೂರು ಪಟ್ಟು ಹೆಚ್ಚಿತು, ಫಲ ಅರವತ್ತು ಸಾವಿರ ಪಟ್ಟಿಗೂ ಹೆಚ್ಚು ಇಳಿಯಿತು. ಉಷ್ಣಾಂಶ ನಾಲ್ಕೈದು ಡಿಗ್ರಿ ಆಚೀಚೆಯಾದರೂ ಹಿಟ್ಟಿನಲ್ಲಿ ಅಜಗಜಾಂತರ ಕಾಣುವುದು ಈ ಗುಣಾಕಾರದಿಂದ. ಜೊತೆಗೆ, ರುಬ್ಬಿದ ಕೂಡಲೇ ಅವು ಒಡೆಯಲು ಶುರುಮಾಡುವುದಿಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳುವ ಒಂದು ಕಾಲ ಇದೆ, ಪಠ್ಯದಲ್ಲಿ ಅದು ಲ್ಯಾಗ್ ಹಂತ. ಚಳಿಯಲ್ಲಿ ಆ ಹಂತವೇ ಗಂಟೆಗಟ್ಟಲೆ ಎಳೆಯುತ್ತದೆ. ಬೆಳಗ್ಗೆ ಆರಕ್ಕೆ ನೀವು ಮುಚ್ಚಳ ತೆಗೆದಾಗ ಅವು ಆಗಷ್ಟೇ ಕಣ್ಣುಜ್ಜಿಕೊಳ್ಳುತ್ತಿರುತ್ತವೆ.

ಲ್ಯೂಕೊನಾಸ್ಟಾಕ್‌ಗೆ ಹಿತವಾದದ್ದು 20ರಿಂದ 30 ಡಿಗ್ರಿ. ಬೆಂಗಳೂರಿನ ಜನವರಿ ರಾತ್ರಿ 15–16ಕ್ಕೆ ಇಳಿಯುತ್ತದೆ. ಅದರ ಮೇಲೆ ಹಿಟ್ಟಿನ ಸ್ಟೀಲ್ ಪಾತ್ರೆ ಕೂತಿರುವುದು ಕಡಪ ಅಥವಾ ಗ್ರಾನೈಟ್ ಕಟ್ಟೆಯ ಮೇಲೆ, ಕಲ್ಲು ತಳದಿಂದ ಶಾಖವನ್ನೆಲ್ಲ ಹೀರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಮುಟ್ಟಿದ ಮನೆ ರಾತ್ರಿಯೂ ಬೇಗ ಆರುವುದಿಲ್ಲ, ಗ್ರೈಂಡರಿನ ಬಿಸಿ ಬೇರೆ. ಹಿಟ್ಟು 35 ದಾಟಿದರೆ ಹುಳಿ ಮಾತ್ರ ಕೊಡುವ, ಬಿಸಿಗೆ ಅಂಜದ ಗುಂಪು ಮುಂದೆ ಓಡುತ್ತದೆ. ಹಿಟ್ಟಿನ ಮೈ 28ರಿಂದ 30 ಡಿಗ್ರಿ ಇರಬೇಕು. ಗಮನಿಸಿ, ಕೋಣೆಯದಲ್ಲ, ಹಿಟ್ಟಿನದು. ಅಡುಗೆಯ ಥರ್ಮಾಮೀಟರ್ ಇದ್ದರೆ ಅದ್ದಿ ನೋಡಿ. ಇಲ್ಲದಿದ್ದರೆ ಒಂದು ಹನಿ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ, ಬಿಸಿಯಂತೂ ಅನ್ನಿಸಲೇಬಾರದು, ಇಷ್ಟೇ ಇಷ್ಟು ತಂಪು ಅನ್ನಿಸಿದರೆ ಸರಿ.

ಚಳಿಗಾಲದ ಕ್ರಮ ಹೀಗಿಟ್ಟುಕೊಳ್ಳಿ. 4 ಲೋಟ ಇಡ್ಲಿ ಅಕ್ಕಿಗೆ 1 ಲೋಟ ಗುಂಡು ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ. ಇಡ್ಲಿ ರವೆಯಾದರೆ 2ಕ್ಕೆ 1. ಅಕ್ಕಿ 5–6 ಗಂಟೆ, ಬೇಳೆ 4 ಗಂಟೆ ನೆನೆಯಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಬೇಳೆಯನ್ನು ಎರಡು ಸಲ ತೊಳೆದರೆ ಸಾಕು, ನೀರು ತಿಳಿಯಾಗುವ ತನಕ ಉಜ್ಜುವುದು ಬೇಡ. ನೆನೆದ ನೀರಿಗೆ ಕೆಟ್ಟ ವಾಸನೆ ಇಲ್ಲದಿದ್ದರೆ ರುಬ್ಬಲು ಅದನ್ನೇ ಬಳಸಿ, ಬ್ಯಾಕ್ಟೀರಿಯಾವೂ ಅವುಗಳ ಊಟವೂ ಅದರಲ್ಲೇ ಇವೆ. ಬೇಳೆಯನ್ನು ಮೊದಲು ನುಣ್ಣಗೆ ರುಬ್ಬಿ, ನೀರನ್ನು ಚಿಮುಕಿಸುತ್ತ. ಒಂದು ಚಿಟಿಕೆ ಹಿಟ್ಟು ಲೋಟದ ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ಗಾಳಿ ತುಂಬಿಲ್ಲ. ಅಕ್ಕಿ ಸಣ್ಣ ರವೆಯ ಹದಕ್ಕೆ ಸಾಕು. ಎರಡನ್ನೂ ಬೆರೆಸಿ, ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬಬೇಡಿ.

ಆಮೇಲೆ ಅಗಲವಾದ ದೊಡ್ಡ ಪಾತ್ರೆಯಲ್ಲಿ 40 ಡಿಗ್ರಿಯ ನೀರು ಹಾಕಿ, ಅದರೊಳಗೆ ಹಿಟ್ಟಿನ ಪಾತ್ರೆ ಇಳಿಸಿ, ಎರಡನ್ನೂ ಸೇರಿಸಿ ದಪ್ಪ ಟವೆಲ್ ಸುತ್ತಿ. ಕೆಳಗೆ ಮರದ ಮಣೆಯೋ ಮಡಿಸಿದ ಗೋಣಿಯೋ ಇರಲಿ. ಓವನ್ ಇದ್ದವರು ಒಳಗಿನ ದೀಪವೊಂದನ್ನೇ ಹಚ್ಚಿ ಇಡಬಹುದು, ಆದರೆ ಮೊದಲ ಸಲ ಒಳಗಿನ ಉಷ್ಣಾಂಶ ಅಳೆಯಿರಿ, ಕೆಲವು ಓವನ್ನುಗಳ ದೀಪ 40ಕ್ಕೂ ಏರಿಸೀತು. 10–12 ಗಂಟೆ ಬಿಡಿ. ಇಷ್ಟಾದರೂ ಏಳದಿದ್ದರೆ ಹಿಂದಿನ ಹಿಟ್ಟನ್ನು ಹೆಪ್ಪಿನಂತೆ ಬಳಸಬಹುದು, ಲೀಟರಿಗೆ ಒಂದೆರಡು ದೊಡ್ಡ ಚಮಚ. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದು ಕಡೆ: ಫ್ರಿಜ್ಜಿನ ಮೂಲೆಯಲ್ಲಿ ಐದು ದಿನ ಕೂತ ಹುಳಿಹುಳಿ ಹಿಟ್ಟನ್ನು ಹಾಕುತ್ತಾರೆ. ಅದರಲ್ಲಿ ಉಳಿದಿರುವುದು ಹುಳಿ ತಾಳಿಕೊಳ್ಳುವ ಗುಂಪೇ ಹೆಚ್ಚು, ಗಾಳಿ ಕೊಡುವ ಲ್ಯೂಕೊನಾಸ್ಟಾಕ್ ಅಷ್ಟು ಹುಳಿಯಲ್ಲಿ ಸೊರಗಿರುತ್ತದೆ. ಚೆನ್ನಾಗಿ ಉಬ್ಬಿ ಆರೇಳು ಗಂಟೆಯೊಳಗಿನ ಹಿಟ್ಟನ್ನು ಸಣ್ಣ ಡಬ್ಬಿಯಲ್ಲಿ ಎತ್ತಿಟ್ಟು, ಮಾರನೆಯ ದಿನವೇ ಬಳಸಿದರೆ ಫಲ ಸಿಗುತ್ತದೆ.

ಬೇಸಿಗೆಗೆ ಇದನ್ನು ತಿರುಗಿಸಿ. ರುಬ್ಬಲು ಫ್ರಿಜ್ಜಿನ ನೀರು, ಉಪ್ಪು ಆಗಲೇ ಸೇರಿಸಿಬಿಡಿ. ಕಿಲೋ ಹಿಟ್ಟಿಗೆ 10 ಗ್ರಾಂ ಉಪ್ಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸ್ವಲ್ಪ ಲಗಾಮು ಹಾಕುತ್ತದೆ. ಚಳಿಗಾಲದಲ್ಲಿ ಅದೇ ಕಾರಣಕ್ಕೆ ಉಪ್ಪು ಬೆಳಗ್ಗೆ. ಗಾಜಿನ ಜಾಡಿಯಲ್ಲಿಟ್ಟು ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಒಂದಕ್ಕೆ ಒಂದೂಮುಕ್ಕಾಲು ಆಗುತ್ತಿದ್ದಂತೆ ಫ್ರಿಜ್ಜಿಗೆ ಸಾಗಿಸಿ, ಎರಡಾಗುವವರೆಗೆ ಕಾಯಬೇಡಿ, ತಣ್ಣಗಾಗುವ ಹೊತ್ತಿನಲ್ಲಿ ಇನ್ನಷ್ಟು ಏಳುತ್ತದೆ. ಏಪ್ರಿಲ್‌ನಲ್ಲಿ ಇದಕ್ಕೆ ಐದಾರು ಗಂಟೆ ಸಾಕು, ಆದ್ದರಿಂದ ರಾತ್ರಿ ಎಂಟಕ್ಕಲ್ಲ, ಹನ್ನೊಂದಕ್ಕೆ ರುಬ್ಬಿ. ಗಾಳಿಯಾಡದ ಬಿಗಿ ಮುಚ್ಚಳ ಬೇಡ. ಬ್ಯಾಕ್ಟೀರಿಯಾಗೆ ಗಾಳಿ ಬೇಕು ಅಂತಲ್ಲ, ಆಮ್ಲಜನಕ ಇಲ್ಲದೆಯೂ ಅವು ಬೆಳೆಯುತ್ತವೆ. ಒಳಗೆ ಹುಟ್ಟಿದ ಅನಿಲಕ್ಕೆ ಹೊರಗೆ ಹೋಗಲು ದಾರಿ ಬೇಕು.

‘ಕಾವೇರಿ ನೀರಿನ ಕ್ಲೋರಿನ್ನಿನಿಂದ ಹಿಟ್ಟು ಏಳುವುದಿಲ್ಲ’, ‘ಅಯೋಡಿನ್ ಉಪ್ಪು ಹಾಕಬಾರದು’ ಅನ್ನುವ ಎರಡು ಮಾತು ಬೆಂಗಳೂರಿನಲ್ಲಿ ಬಹಳ ಓಡಾಡುತ್ತವೆ. ನಲ್ಲಿಯ ನೀರಿನಲ್ಲಿ ಉಳಿಯುವ ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಮಿನ ಚೂರುಪಾರು. ಬೇಳೆಯ ಪಿಷ್ಟ, ಪ್ರೋಟೀನು ಸೋಕುತ್ತಲೇ ಅದು ಖರ್ಚಾಗಿಹೋಗುತ್ತದೆ. ಅಯೋಡಿನ್ ಇರುವುದು 10 ಗ್ರಾಂ ಉಪ್ಪಿನಲ್ಲಿ 0.3 ಮಿಲಿಗ್ರಾಂ ಆಸುಪಾಸು, ಅದೂ ಅಯೋಡೇಟ್ ರೂಪದಲ್ಲಿ. ಇಬ್ಬರ ಮೇಲೂ ದೂರು ಹೊರಿಸುವ ಬದಲು ಥರ್ಮಾಮೀಟರ್ ನೋಡುವುದು ಒಳ್ಳೆಯದು. ಸಕ್ಕರೆ ಹಾಕಿದರೆ ಬೇಗ ಏಳುತ್ತದೆ ಅನ್ನುವವರಿದ್ದಾರೆ. ಚಿಟಿಕೆಯಾದರೆ ಅಡ್ಡಿಯಿಲ್ಲ. ಚಮಚಗಟ್ಟಲೆ ಹಾಕಿದರೆ ಲ್ಯೂಕೊನಾಸ್ಟಾಕ್ ಆ ಸಕ್ಕರೆಯಿಂದ ಡೆಕ್ಸ್‌ಟ್ರಾನ್ ಎಂಬ ಲೋಳೆ ಕಟ್ಟುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ತಡವಾದರೆ ಅಂಟಂಟಾಗಿ ಕೆಡುವುದೂ ಇದೇ ಬ್ಯಾಕ್ಟೀರಿಯಾದ ಕೆಲಸ. ಅಂಗಡಿಯ ಯೀಸ್ಟ್ ಪುಡಿ ಹಾಕಿದರೆ ಉಬ್ಬುತ್ತದೆ, ಆದರೆ ಬ್ರೆಡ್ಡಿನ ವಾಸನೆ. ಸೋಡಾ ಹುಳಿಯನ್ನು ಕೊಂದು ಗಾಳಿ ಬಿಡುತ್ತದೆ, ಹುಳಿಯೇ ಬಾರದ ಹಿಟ್ಟಿಗೆ ಹಾಕಿದರೆ ಸೋಪಿನ ರುಚಿ.

ಹಿಟ್ಟಿನ ಮೇಲೆ ಗುಲಾಬಿ, ಕಿತ್ತಳೆ, ಹಸಿರು ಅಥವಾ ಕಪ್ಪು ಚುಕ್ಕೆ ಕಂಡರೆ ಚರ್ಚೆ ಬೇಡ, ಇಡೀ ಪಾತ್ರೆ ಚೆಲ್ಲಿ. ಗುಲಾಬಿ ಬಣ್ಣ ಸೆರಾಟಿಯಾ ಎಂಬ ಬ್ಯಾಕ್ಟೀರಿಯಾದ್ದೋ, ಬಣ್ಣದ ಯೀಸ್ಟಿನದೋ ಇರಬಹುದು, ಹಸಿರು ಕಪ್ಪು ಬೂಸ್ಟಿನದು. ಒಳ್ಳೆಯ ಹಿಟ್ಟು 4.5ರ ಆಸುಪಾಸಿನ ಪಿಎಚ್‌ಗೆ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಬೇಗ ಇಳಿದು ಇಂಥವನ್ನು ಬಹುಪಾಲು ದೂರ ಇಡುತ್ತದೆ. ಅಂದಹಾಗೆ, ಇಡ್ಲಿ ತಿಂದರೆ ಹೊಟ್ಟೆಗೆ ಜೀವಂತ ‘ಪ್ರೋಬಯಾಟಿಕ್’ ಹೋಗುತ್ತದೆ ಎಂದು ಹೇಳುತ್ತಾರಲ್ಲ, ಹಬೆಯಲ್ಲಿ ಹತ್ತು ನಿಮಿಷ ಬೆಂದಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಒಂದೂ ಬದುಕಿರುವುದಿಲ್ಲ. ಜೀವಂತವಾಗಿ ಬೇಕಿದ್ದರೆ ಪಕ್ಕದ ಮೊಸರು ತಿನ್ನಿ.

ಮೊಸರಿನದೂ ಇದೇ ಶಾಸ್ತ್ರ, ಉಷ್ಣಾಂಶ ಮಾತ್ರ ಬೇರೆ. ಹಾಲನ್ನು ಚೆನ್ನಾಗಿ ಕಾಯಿಸುವುದರಿಂದ ಪೈಪೋಟಿಗೆ ಬರುವ ಬ್ಯಾಕ್ಟೀರಿಯಾ ಸಾಯುತ್ತವೆ, ಹಾಲಿನ ಪ್ರೋಟೀನು ಮೊಸರು ಗಟ್ಟಿಯಾಗುವಂತೆ ಬದಲಾಗುತ್ತದೆ. 40–42 ಡಿಗ್ರಿಗೆ ಆರಿಸಿ ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು. 60 ಡಿಗ್ರಿಯ ಹಾಲಿಗೆ ಹಾಕಿದರೆ ಹೆಪ್ಪಿನ ಬಹುಪಾಲು ಸತ್ತು ಬೆಳಗ್ಗೆ ಹಾಲು ಹಾಲಾಗಿಯೇ ಉಳಿದೀತು. ಪಿಎಚ್ 4.6ರ ಹತ್ತಿರ ಇಳಿದಾಗ ಹಾಲಿನ ಪ್ರೋಟೀನಾದ ಕೇಸಿನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಮೊಸರು ನೂಲಿನಂತೆ ಎಳೆಎಳೆಯಾದರೆ ಲೋಳೆ ಮಾಡುವ ತಳಿ ಹೆಪ್ಪಿನಲ್ಲಿ ಸೇರಿದೆ ಎಂದರ್ಥ, ವಿಷವಲ್ಲ, ಹೆಪ್ಪು ಬದಲಿಸಿ. ಎಲ್ಲ ಸರಿಯಿದ್ದೂ ಇದ್ದಕ್ಕಿದ್ದಂತೆ ಹೆಪ್ಪುಗಟ್ಟುವುದು ನಿಂತರೆ, ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್, ಅಂದರೆ ಫೇಜ್, ಹೊಕ್ಕಿರಬಹುದು. ಡೇರಿಗಳಿಗೆ ಇದು ದೊಡ್ಡ ತಲೆನೋವು. ಆಗಲೂ ಮದ್ದು ಅದೇ: ಪಾತ್ರೆ ಕುದಿಯುವ ನೀರಿನಲ್ಲಿ ತೊಳೆದು, ಬೇರೆ ಮನೆಯ ಹೆಪ್ಪು ತನ್ನಿ.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ, ತಂಗಳನ್ನದ್ದು. ಅಕ್ಕಿಯ ಮೇಲೆ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಬೂಸ್ಟಿನ ಬೀಜಕದಂತಲ್ಲ, ಇಲ್ಲಿ ಬೀಜಕ ಅಂದರೆ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ದಪ್ಪ ಕವಚದಲ್ಲಿ ಕಟ್ಟಿ ಒಣಗಿಸಿಟ್ಟ ಗಂಟು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅದೂ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನಲ್ಲಿ ಬಹಳಷ್ಟು ಸಾಯಬಹುದು, ಎರಡು ವಿಷಲ್‌ಗೆ ಎಲ್ಲವೂ ಸತ್ತವು ಎಂದು ನಂಬಬೇಡಿ. ಅನ್ನ ರಾತ್ರಿಯಿಡೀ ಕಟ್ಟೆಯ ಮೇಲೆ ಉಗುರುಬೆಚ್ಚಗೆ ಕೂತರೆ ಬೀಜಕ ಮೊಳೆತು, ಬೆಳೆದು, ವಾಂತಿ ಮಾಡಿಸುವ ವಿಷ ಬಿಡುತ್ತದೆ. ಬೆಳಗ್ಗೆ ಅದಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. 121 ಡಿಗ್ರಿಗೂ ಕರಗದ ವಿಷ ಅದು. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಚಿತ್ರಾನ್ನಕ್ಕೆ ಭಯವಿಲ್ಲ. ಹಳಸಿದ ವಾಸನೆ ಬರಲಿಲ್ಲ ಅನ್ನುವುದು ಇಲ್ಲಿ ಸಾಕ್ಷಿಯಲ್ಲ.

ಇನ್ನು ಮಗಳಿಗೆ. ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕಾಲೇಜಿನ ಆಟೋಕ್ಲೇವ್ ಬಗ್ಗೆ ಮೊದಲು ಒಂದು ಮಾತು: ಪುಸ್ತಕದ ‘15 ಪೌಂಡ್, 121 ಡಿಗ್ರಿ’ ಸಮುದ್ರಮಟ್ಟದ ಲೆಕ್ಕ. ಹೊರಗಿನ ಗಾಳಿಯ ಒತ್ತಡವೇ ಇಲ್ಲಿ ಕಡಿಮೆ, ಆದ್ದರಿಂದ ಗೇಜಿನಲ್ಲಿ 15 ತೋರಿಸಿದಾಗ ಒಳಗೆ ಒಂದೂವರೆ ಡಿಗ್ರಿಯಷ್ಟು ಕಡಿಮೆ ಇರುತ್ತದೆ. ಉಷ್ಣಾಂಶ ನೋಡಿ ಸಮಯ ಎಣಿಸಬೇಕು, ಒತ್ತಡ ನೋಡಿ ಅಲ್ಲ.

ಅವಳು ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾದ ಗುಂಪು ಗುರುತಿಸುವ ವಿಧಾನ, ಕಲಿಯಲು ಮೊಸರಿಗಿಂತ ಒಳ್ಳೆಯ ವಸ್ತು ಇಲ್ಲ. ಗಟ್ಟಿ ಮೊಸರು ಬೇಡ, ಮೇಲೆ ನಿಂತ ನೀರನ್ನು ಒಂದು ಲೂಪ್ ತೆಗೆದು ಸ್ಲೈಡಿನ ಮೇಲೆ ಒಂದು ರೂಪಾಯಿ ನಾಣ್ಯದಗಲ ತೆಳ್ಳಗೆ ಸವರಲಿ. ತಾನಾಗಿ ಒಣಗಿದ ಮೇಲೆ ಜ್ವಾಲೆಯ ಮೇಲೆ ಮೂರು ಸಲ ಹಾಯಿಸಬೇಕು, ಮುಂಗೈಗೆ ಮುಟ್ಟಿಸಿದರೆ ಸುಡಬಾರದು. ಕ್ರಿಸ್ಟಲ್ ವಯೊಲೆಟ್ 1 ನಿಮಿಷ, ತೊಳೆದು ಅಯೋಡಿನ್ 1 ನಿಮಿಷ, ತೊಳೆದು 95 ಪರ್ಸೆಂಟ್ ಆಲ್ಕೋಹಾಲ್ ಹನಿಹನಿಯಾಗಿ 10–15 ಸೆಕೆಂಡ್, ಕೂಡಲೇ ನೀರು, ಕೊನೆಗೆ ಸ್ಯಾಫ್ರನಿನ್ 1 ನಿಮಿಷ. ಎಡವುವುದೆಲ್ಲ ಆಲ್ಕೋಹಾಲಿನ ಹಂತದಲ್ಲೇ. ಹತ್ತು ಸೆಕೆಂಡ್ ಹೆಚ್ಚಾದರೆ ನೇರಳೆಯಾಗಿರಬೇಕಾದ ಮೊಸರಿನ ಬ್ಯಾಕ್ಟೀರಿಯಾ ಗುಲಾಬಿಯಾಗಿ ಬರುತ್ತವೆ. ಸವರಿದ್ದು ದಪ್ಪವಾದರೆ ಎಲ್ಲವೂ ನೇರಳೆ. ನಾಲ್ಕು ದಿನದ ಮೊಸರಾದರೆ ಸತ್ತ ಕೋಶಗಳ ಗೋಡೆ ಸೋರಿ, ಎಷ್ಟು ಸರಿಯಾಗಿ ಮಾಡಿದರೂ ಅರ್ಧ ಗುಲಾಬಿ. ಆದ್ದರಿಂದ ಅಂದಿನದೇ ಮೊಸರು ಇರಲಿ. ಎಣ್ಣೆ ಹಾಕುವುದು 100ರ ಲೆನ್ಸಿಗೆ ಮಾತ್ರ, 40ರದ್ದಕ್ಕೆ ತಗುಲಿದರೆ ಕೂಡಲೇ ಲೆನ್ಸ್ ಪೇಪರಿನಿಂದ ಒರೆಸಬೇಕು. ಕಾಣಬೇಕಾದದ್ದು ನೇರಳೆ ಕಡ್ಡಿಗಳು ಮತ್ತು ನೇರಳೆ ಮಣಿಸರಗಳು.

ಕೊನೆಗೆ ಆ ದುಂಡು ಕಣಗಳು. ಅಕ್ಕಿಯ ಪಿಷ್ಟದ ಒಂದೊಂದು ಕಣ 3ರಿಂದ 8 ಮೈಕ್ರೋಮೀಟರ್, ಸರಿಯಾಗಿ ಯೀಸ್ಟಿನ ಗಾತ್ರ. ಬಣ್ಣ ಹಾಕದ ಸ್ಲೈಡಿನಲ್ಲಿ ಎರಡೂ ಹೊಳೆಯುವ ಕಾಳಿನಂತೆ ಕಾಣುತ್ತವೆ, ಇಡ್ಲಿ ಹಿಟ್ಟಿನ ತುಂಬ ಇರುವುದೇ ಪಿಷ್ಟ. ಹೊಸದಾಗಿ ನೋಡುವವರು ಅಕ್ಕಿಯನ್ನು ಯೀಸ್ಟ್ ಎಂದು ಬರೆದುಕೊಳ್ಳುವುದು ತೀರಾ ಸಾಮಾನ್ಯ. ಮೆಥಿಲೀನ್ ಬ್ಲೂ ಇಲ್ಲಿ ನೆರವಾಗುವುದಿಲ್ಲ, ಜೀವಂತ ಯೀಸ್ಟೂ ಬಣ್ಣ ಹಿಡಿಯದು, ಪಿಷ್ಟವೂ ಹಿಡಿಯದು. ಒಂದು ಹನಿ ಹಿಟ್ಟನ್ನು 10 ಮಿ.ಲೀ. ನೀರಿಗೆ ಕಲಕಿ ಐದು ನಿಮಿಷ ಬಿಡಲಿ. ತಳಕ್ಕಿಳಿದದ್ದರಲ್ಲಿ ಒಂದು ಹನಿ ಸ್ಲೈಡಿಗೆ, ಪಕ್ಕದಲ್ಲಿ ಒಂದು ಹನಿ ಗ್ರಾಂ ಅಯೋಡಿನ್, ಮೇಲೆ ಕವರ್‌ಸ್ಲಿಪ್, 40ರ ಲೆನ್ಸ್. ನೀಲಿ-ಕಪ್ಪಾಗಿ, ಮೂಲೆಮೂಲೆಯಾಗಿ ಕಂಡದ್ದು ಅಕ್ಕಿ. ದೊಡ್ಡದಾಗಿ ಮೊಟ್ಟೆಯಾಕಾರದಲ್ಲಿ ಕಪ್ಪಾದದ್ದು ಉದ್ದು. ಹಳದಿ-ಕಂದಾಗಿ ಉಳಿದು, ಪಕ್ಕದಲ್ಲಿ ಸಣ್ಣ ಮೊಗ್ಗು ಅಂಟಿಸಿಕೊಂಡದ್ದು ಸಿಕ್ಕರೆ ಅದು ಯೀಸ್ಟ್, ಅವಳು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆಮೇಲೆ ಮೇಲಿನ ತಿಳಿಯಿಂದ ಇನ್ನೊಂದು ಸ್ಲೈಡ್ ಮಾಡಿ, ಮೊಸರಿನಂತೆಯೇ ಗ್ರಾಂ ಸ್ಟೇನ್ ಮಾಡಿ, ಹತ್ತು ಕಡೆ ನೋಡಿ ನೇರಳೆ ಜೋಡಿಗಳನ್ನೂ ಅವುಗಳ ಐದಾರು ಪಟ್ಟು ದೊಡ್ಡ ಯೀಸ್ಟನ್ನೂ ಬೇರೆಬೇರೆ ಎಣಿಸಿ ಅತ್ತೆಯವರಿಗೆ ತೋರಿಸಲಿ.